ಸ್ಲೈಡಿನಲ್ಲಿ ಕಾಣುವ ಜೀನು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ರಕ್ತದ ಕ್ಯಾನ್ಸರಿನ ಮಾತು ಬಂದರೆ ಮೊದಲು ಕೇಳುವುದು, ‘ಇಲ್ಲೇನೂ ಗೊತ್ತಾಗಂಗಿಲ್ರಿ, ಹುಬ್ಬಳ್ಳಿಗೆ ಇಲ್ಲಾ ಬೆಂಗಳೂರಿಗೇ ಹೋಗಬೇಕು’ ಎಂಬ ಮಾತು. ಚಿಕಿತ್ಸೆಯ ಮಟ್ಟಿಗೆ ಅದು ಸರಿ. ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇರುವುದೇ ಅದಕ್ಕೆ. ರೋಗದ ಗುರುತು ಹಿಡಿಯುವ ವಿಷಯದಲ್ಲಿ ಮಾತ್ರ ಈ ನಂಬಿಕೆ ತಪ್ಪು, ಕೆಲವೊಮ್ಮೆ ಜೀವಕ್ಕೇ ಎರವಾಗುವಷ್ಟು ತಪ್ಪು. ಓದಿದವರ ಬಾಯಲ್ಲಿ ಇದೇ ನಂಬಿಕೆ ಬೇರೆ ವೇಷ ತೊಡುತ್ತದೆ: ಈಗ ಜೀನ್ ಪರೀಕ್ಷೆಯ ಕಾಲ, ಸೂಕ್ಷ್ಮದರ್ಶಕದಲ್ಲಿ ಕಣ ನೋಡುವ ಕಾಲ ಹೋಯಿತು ಎನ್ನುತ್ತಾರೆ. ಇದಕ್ಕೆ ನೇರ ಎದುರಾದ ವಾದವೂ ಉಂಟು: ಸ್ಲೈಡ್ ನೋಡಿ ಕ್ಯಾನ್ಸರ್ ಎಂದ ಮೇಲೆ ದುಬಾರಿ ಜೀನ್ ಪರೀಕ್ಷೆ ಯಾಕೆ? ಕಣದ ರೂಪಕ್ಕೂ ಅದರೊಳಗಿನ ಜೀನ್ ಬದಲಾವಣೆಗೂ ಇರುವ ನಂಟನ್ನು ಅರಿತರೆ ಈ ಎರಡೂ ವಾದಗಳು ನಿಲ್ಲುವುದಿಲ್ಲ.

ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್, ಅಸ್ಥಿಮಜ್ಜೆಯಲ್ಲಿ ಹುಟ್ಟುವ ರೋಗ. ಅಲ್ಲಿ ಎಳೆಯ ಕಣಗಳು ಹಂತಹಂತವಾಗಿ ಬಲಿತು ಬಿಳಿ ರಕ್ತಕಣಗಳಾಗಬೇಕು. ಕೆಲವು ಜೀನುಗಳು ಕೆಟ್ಟಾಗ ಕಣ ಬಲಿಯದೆ ನಡುವೆಯೇ ನಿಂತುಬಿಡುತ್ತದೆ ಮತ್ತು ಹಾಗೆ ನಿಂತ ಸ್ಥಿತಿಯಲ್ಲೇ ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ಯಾವ ಜೀನು ಕೆಟ್ಟಿದೆ ಎನ್ನುವುದರ ಮೇಲೆ ಕಣ ಯಾವ ಹಂತದಲ್ಲಿ ನಿಲ್ಲುತ್ತದೆ ಎನ್ನುವುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಆದ್ದರಿಂದ ಕಣದ ಚಹರೆ ಒಳಗಿನ ಜೀನಿನ ಗುರುತನ್ನು ಹೊತ್ತಿರುತ್ತದೆ. ಫ್ರಾನ್ಸ್, ಅಮೆರಿಕ, ಬ್ರಿಟನ್ ತಜ್ಞರು 1976ರಲ್ಲಿ ಎಎಂಎಲ್ ಅನ್ನು ವಿಂಗಡಿಸಿದ್ದು ಮುಖ್ಯವಾಗಿ ಕಣದ ರೂಪ ನೋಡಿ. ಮರುವರ್ಷವೇ ಶಿಕಾಗೋದ ಜಾನೆಟ್ ರೌಲಿ, ಆ ವಿಂಗಡಣೆಯಲ್ಲಿ ‘ಎಂ3’ ಎನಿಸಿಕೊಂಡ ಬಗೆಯ ರೋಗಿಗಳಲ್ಲಿ 15 ಮತ್ತು 17ನೇ ವರ್ಣತಂತುಗಳು ತುಂಡಾಗಿ ಪರಸ್ಪರ ಅದಲುಬದಲಾಗಿರುವುದನ್ನು ತೋರಿಸಿದರು. ಕಣ್ಣು ಗುರುತಿಸಿದ ಗುಂಪಿಗೆ ಒಂದು ಖಚಿತ ವರ್ಣತಂತು ದೋಷವೂ ಸಿಕ್ಕಿತು. ಆ ಅದಲುಬದಲಿನಿಂದ ಪಿಎಂಎಲ್-ರಾರಾ ಎಂಬ ಜೋಡಿ ಜೀನು ಹುಟ್ಟುತ್ತದೆ ಎನ್ನುವುದು ಖಚಿತವಾದದ್ದು 1990ರ ಸುಮಾರಿಗೆ.

ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ಈ ಬಗೆ ಎಎಂಎಲ್‌ನ ಸುಮಾರು ಹತ್ತನೇ ಒಂದು ಪಾಲು. ನಮ್ಮ ತಾಲ್ಲೂಕುಗಳಿಗೆ ಇದೇ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಇದು ಡೆಂಗಿಯ ಸೋಗಿನಲ್ಲಿ ಬರಬಲ್ಲದು. ರಕ್ತದ ಕ್ಯಾನ್ಸರ್ ಎಂದರೆ ಬಿಳಿ ಕಣ ಲಕ್ಷ ದಾಟಿರಬೇಕು ಎಂಬ ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಈ ರೋಗದಲ್ಲಿ ಬಿಳಿ ಕಣ ಎಷ್ಟೋ ಸಲ ಸಾಮಾನ್ಯಕ್ಕಿಂತ ಕಡಿಮೆಯೇ ಇರುತ್ತದೆ. ಜ್ವರ, ವಸಡಿನಿಂದ ರಕ್ತ, ಮೈಮೇಲೆ ನೀಲಿ ಕಲೆ, ಕುಸಿದ ಪ್ಲೇಟ್‌ಲೆಟ್, ಇಳಿದ ಬಿಳಿ ಕಣ ಎಂದರೆ ಮಳೆಗಾಲದಲ್ಲಿ ಯಾರಾದರೂ ಡೆಂಗಿ ಎಂದೇ ಅಂದಾರು. ಆದರೆ ತೀವ್ರ ಡೆಂಗಿಯಲ್ಲಿ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಏರುವುದುಂಟು. ಇಲ್ಲಿ ಅದು ಇಳಿದಿರುತ್ತದೆ. ಯಂತ್ರ ಕೊಡುವ ಲೆಕ್ಕದಲ್ಲಿ ಇಷ್ಟೇ ಸುಳಿವು. ಉಳಿದದ್ದು ಸ್ಮಿಯರ್‌ನಲ್ಲಿದೆ: ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ, ಎಣ್ಣೆ ಬಿಟ್ಟು ನೂರರ ಮಸೂರದಲ್ಲಿ ನೋಡುವುದು. ಡೆಂಗಿಯಾದರೆ ಅಲ್ಲಿ ಕೆರಳಿದ ಲಿಂಫೋಸೈಟ್‌ಗಳು ಕಾಣಬಹುದು. ಈ ಲ್ಯುಕೇಮಿಯಾ ಆದರೆ ನೇರಳೆಗೆಂಪು ಕಣಿಕೆಗಳಿಂದ ಕಿಕ್ಕಿರಿದ ದೊಡ್ಡ ಕಣಗಳು. ಕೆಲವು ಕಣಗಳಲ್ಲಿ ಔಯರ್ ಕಡ್ಡಿಗಳು ಎಂಬ ಸೂಜಿಯಂಥ ಎಳೆಗಳು ಒಂದೆರಡಲ್ಲ, ಕಟ್ಟಿಗೆ ಹೊರೆಯ ಹಾಗೆ ಒಟ್ಟೊಟ್ಟಾಗಿ ಬಿದ್ದಿರುತ್ತವೆ. ಬಿಳಿ ಕಣವೇ ಕಡಿಮೆಯಿದ್ದಾಗ ಇಂಥ ಕಣ ಇಡೀ ಸ್ಲೈಡಿನಲ್ಲಿ ನಾಲ್ಕಾರು ಮಾತ್ರ ಇರಬಹುದು. ಸಾವಧಾನವಾಗಿ ಹುಡುಕುವ ಕಣ್ಣಿಗಷ್ಟೇ ಅವು ಸಿಗುತ್ತವೆ. ಆ ಹೊರೆ ಕಂಡಿತೆಂದರೆ ಪಿಎಂಎಲ್-ರಾರಾ ಇದೆ ಎನ್ನುವ ಶಂಕೆ ಬಲು ಗಟ್ಟಿ.

ಇಷ್ಟು ಅವಸರವೇಕೆ ಎನ್ನಬಹುದು. ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕುಸಿಯುತ್ತದೆ. ಚಿಕಿತ್ಸೆಯ ಮೊದಲೇ ಅಥವಾ ಮೊದಲ ಕೆಲವು ದಿನಗಳಲ್ಲೇ ಮಿದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತಸ್ರಾವವಾಗಿ ಸಾಯುವವರಿದ್ದಾರೆ. ಆ ಗಂಡಾಂತರ ದಾಟಿದವರ ಪಾಲಿಗೆ ಇದು ಎಎಂಎಲ್‌ಗಳಲ್ಲೇ ಅತಿ ಹೆಚ್ಚು ಗುಣವಾಗುವ ಬಗೆ. ‘ಎ’ ಜೀವಸತ್ವದ ಒಂದು ರೂಪವಾದ ಅಟ್ರಾ ಗುಳಿಗೆ ಕೊಟ್ಟರೆ ತಡೆದು ನಿಂತ ಕಣಗಳು ಮತ್ತೆ ಬಲಿಯತೊಡಗುತ್ತವೆ ಎಂದು ಶಾಂಘೈನ ವೈದ್ಯರು 1988ರಲ್ಲಿ 24 ರೋಗಿಗಳ ಅನುಭವದಿಂದ ವರದಿ ಮಾಡಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು 2006ರಲ್ಲಿ ಆರ್ಸೆನಿಕ್ ಔಷಧವೊಂದನ್ನೇ ಬಳಸಿ ಬಾಳುವಂಥ ಫಲ ಪಡೆದದ್ದನ್ನು ಪ್ರಕಟಿಸಿದರು. ಖರ್ಚಿಗೆ ಹೆದರುವ ನಮ್ಮಂಥ ದೇಶಕ್ಕೆ ಅದು ದೊಡ್ಡ ಮಾತು. ಅಟ್ರಾ ಮತ್ತು ಆರ್ಸೆನಿಕ್ ಎರಡನ್ನೂ ಕೊಟ್ಟ ಯುರೋಪಿನ 2013ರ ಅಧ್ಯಯನದಲ್ಲಿ, ಅಪಾಯ ಅಷ್ಟೇನೂ ಹೆಚ್ಚಿಲ್ಲದ ರೋಗಿಗಳ ಪೈಕಿ ಶೇ. 97ರಷ್ಟು ಜನ ಎರಡು ವರ್ಷ ರೋಗ ಮರುಕಳಿಸದೆ ಬದುಕಿದ್ದರು. ಹೀಗಾಗಿಯೇ ಯುರೋಪಿನ ತಜ್ಞರ ಮಾರ್ಗಸೂಚಿ 2009ರಲ್ಲೂ 2019ರಲ್ಲೂ ಒಂದೇ ಮಾತು ಹೇಳಿತು: ಶಂಕೆ ಬಂದ ಕೂಡಲೇ ಅಟ್ರಾ ಶುರು ಮಾಡಿ, ಜೀನ್ ವರದಿಗೆ ಕಾಯಬೇಡಿ.

ಶಂಕೆ ತಪ್ಪಿದ್ದರೆ? ಈ ಆಕ್ಷೇಪ ನ್ಯಾಯವಾದದ್ದೇ. ಜೀನ್ ಪರೀಕ್ಷೆಯಲ್ಲಿ ಪಿಎಂಎಲ್-ರಾರಾ ಸಿಗದಿದ್ದರೆ ಗುಳಿಗೆ ನಿಲ್ಲಿಸಿದರಾಯಿತು. ಕೆಲವೇ ದಿನಗಳ ಅಟ್ರಾದಿಂದ ಆಗುವ ಹಾನಿ ಸಾಮಾನ್ಯವಾಗಿ ಸಣ್ಣದು. ಗರ್ಭಿಣಿಯರ ವಿಷಯದಲ್ಲಿ ಮಾತ್ರ ಬಲು ಎಚ್ಚರ ಬೇಕು, ಭ್ರೂಣಕ್ಕೆ ಅದು ಅಪಾಯಕಾರಿ. ಇನ್ನೊಂದು ಕಡೆ, ಕಾಯುತ್ತ ಕೂತು ಮಿದುಳಿನಲ್ಲಿ ರಕ್ತಸ್ರಾವವಾದರೆ ಅದನ್ನು ಸರಿಪಡಿಸುವ ದಾರಿಯಿಲ್ಲ.

ಹಾಗಾದರೆ ಸ್ಲೈಡೇ ಸಾಕಲ್ಲ ಎನ್ನುವವರಿಗೆ ಉತ್ತರವೂ ಇದೇ ರೋಗದಲ್ಲಿದೆ. ಇದರದೇ ಒಂದು ಪ್ರಭೇದದಲ್ಲಿ ಕಣಿಕೆಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣವು, ಕೋಶಕೇಂದ್ರ ಎರಡು ಹಾಲೆಯದು, ಬಿಳಿ ಕಣ ಹೆಚ್ಚು. ನೋಡಿದವರು ಅದನ್ನು ಮಾನೋಸೈಟ್ ಬಗೆಯ ಲ್ಯುಕೇಮಿಯಾ ಎಂದು ಬಗೆಯುವ ಅಪಾಯವಿದೆ. ಒಳಗಿನ ಜೀನು ಅದೇ ಪಿಎಂಎಲ್-ರಾರಾ, ಹೊರಗಿನ ಚಹರೆ ಬೇರೆ. ಇದಕ್ಕೆ ತದ್ವಿರುದ್ಧವಾಗಿ, ಹೊರಗೆ ಒಂದೇ ತೆರನಾಗಿ ಕಾಣುವ ಬ್ಲಾಸ್ಟ್‌ಗಳೊಳಗೆ, ಅಂದರೆ ಬಲಿಯದ ಎಳೆಯ ಕಣಗಳೊಳಗೆ, ಬೇರೆಬೇರೆ ಜೀನುಗಳು ಕೆಟ್ಟಿರಬಹುದು. ಬ್ರುನಾಂಜೆಲೊ ಫಾಲಿನಿ ತಂಡ 2005ರಲ್ಲಿ ಗುರುತಿಸಿದ ಎನ್‌ಪಿಎಂ1 ಜೀನಿನ ಬದಲಾವಣೆ ಎಎಂಎಲ್ ಇರುವ ವಯಸ್ಕರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಇರುತ್ತದೆ. ಅದು ಇದ್ದಾಗ, ವಿಶೇಷವಾಗಿ ಎಫ್‌ಎಲ್‌ಟಿ3 ಎಂಬ ಇನ್ನೊಂದು ಜೀನಿನ ದೋಷವೂ ಜೊತೆಗಿದ್ದಾಗ, ಬ್ಲಾಸ್ಟ್‌ನ ಕೋಶಕೇಂದ್ರ ಒಂದು ಮಗ್ಗುಲಲ್ಲಿ ಒಳಕ್ಕೆ ತಗ್ಗಿರುವುದು ಹೆಚ್ಚು. ಈ ತಗ್ಗು ಒಳ್ಳೆಯ ಸುಳಿವು, ಆದರೆ ಪುರಾವೆಯಲ್ಲ. ಆ ಎರಡೂ ದೋಷವಿಲ್ಲದವರಲ್ಲೂ ಅದು ಕಾಣಬಹುದು, ಇರುವವರಲ್ಲಿ ಕಾಣದೆಯೂ ಇರಬಹುದು. ಚಿಕಿತ್ಸೆ ಮಾತ್ರ ಆ ಜೀನುಗಳನ್ನೇ ನೆಚ್ಚಿಕೊಂಡಿದೆ: ಎಫ್‌ಎಲ್‌ಟಿ3 ಕೆಟ್ಟಿದ್ದರೆ ಕೊಡುವ ಮಿಡೊಸ್ಟೌರಿನ್ ಗುಳಿಗೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವಿಂಗಡಣೆಯಂತೂ ಕೆಲವು ಜೀನ್ ಬದಲಾವಣೆ ಸಿಕ್ಕರೆ ಸಾಕು, ಬ್ಲಾಸ್ಟ್ ಪ್ರಮಾಣ ಶೇ. 20 ಮುಟ್ಟದಿದ್ದರೂ ಎಎಂಎಲ್ ಎಂದೇ ಪರಿಗಣಿಸುತ್ತದೆ. ಹಾಗೆಂದು ಜೀನ್ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಯಾರಿಗೆ ಮಾಡಬೇಕು, ಮೊದಲು ಯಾವ ಜೀನು ಹುಡುಕಬೇಕು ಎಂದು ಹೇಳಬೇಕಾದ್ದು ಸ್ಲೈಡೇ.

ಮುಂದೆ ಕಂಪ್ಯೂಟರೇ ಈ ಕೆಲಸ ಮಾಡುತ್ತದೆ ಎಂಬ ಆಶೆ ಸುಳ್ಳೇನಲ್ಲ. ಅಸ್ಥಿಮಜ್ಜೆಯ ಸ್ಮಿಯರ್ ಚಿತ್ರ ನೋಡಿಯೇ ಎನ್‌ಪಿಎಂ1 ಕೆಟ್ಟಿದೆಯೇ ಎಂದು ಊಹಿಸುವ ತಂತ್ರಾಂಶವನ್ನು ಜರ್ಮನಿಯ ಡ್ರೆಸ್ಡೆನ್ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ರೂಪಕ್ಕೂ ಜೀನಿಗೂ ನಂಟಿದೆ ಎನ್ನುವುದಕ್ಕೆ ಅದು ಬಲವಾದ ಸಾಕ್ಷಿ. ಆದರೆ ಅಂಥ ತಂತ್ರಾಂಶಕ್ಕೂ ಬೇಕಾದ್ದು ಚೆನ್ನಾಗಿ ಎಳೆದ, ಸರಿಯಾಗಿ ಬಣ್ಣ ಹಿಡಿದ ಸ್ಲೈಡು. ದಪ್ಪಗೆ ಎಳೆದ ಸ್ಮಿಯರ್‌ನಲ್ಲಿ ಮನುಷ್ಯನಿಗೆ ಕಾಣದ್ದು ಯಂತ್ರಕ್ಕೂ ಕಾಣುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬರುತ್ತದೆ. ವರದಿಯಲ್ಲಿ ‘ಜೀನ್ ಬದಲಾವಣೆ’ ಎಂದು ಕಂಡ ಕೂಡಲೇ ಇದು ಮನೆತನದ ರೋಗ ಎಂಬ ಗುಸುಗುಸು ಶುರುವಾಗುತ್ತದೆ. ಮಗಳ ಸಂಬಂಧ ತಪ್ಪೀತು ಎಂದು ತಾಯಿ ತಂದೆ ವರದಿಯನ್ನೇ ಬಚ್ಚಿಡುವ ಮಟ್ಟಕ್ಕೂ ಹೋಗಬಹುದು. ಪಿಎಂಎಲ್-ರಾರಾ, ಎನ್‌ಪಿಎಂ1, ಎಫ್‌ಎಲ್‌ಟಿ3 ಬದಲಾವಣೆಗಳು ಹುಟ್ಟಿನಿಂದ ಬಂದವಲ್ಲ. ಬದುಕಿನ ನಡುವೆ ಮಜ್ಜೆಯ ಒಂದು ಕಣದಲ್ಲಿ ಆಗಿ, ಅದರ ಸಂತತಿಯಲ್ಲಷ್ಟೇ ಉಳಿಯುವಂಥವು. ರೋಗಿಯ ಮಕ್ಕಳಿಗೆ ಅವು ದಾಟುವುದಿಲ್ಲ. ಡಿಡಿಎಕ್ಸ್41, ಜಿಎಟಿಎ2ದಂಥ ಕೆಲವು ಜೀನುಗಳ ದೋಷ ವಂಶದಲ್ಲಿ ಬರುವುದುಂಟು, ಅದು ವಿರಳ, ಅದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ. ಈ ಭಯ ಹೋಗಲೇಬೇಕು, ಯಾಕೆಂದರೆ ಅಸ್ಥಿಮಜ್ಜೆ ಕಸಿ ಬೇಕಾದಾಗ ಮೊದಲು ಕೇಳುವುದೇ ಒಡಹುಟ್ಟಿದವರನ್ನು; ಅವರಲ್ಲಿ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಶಿಗ್ಗಾಂವಿಯವರಿಗೆ ಹೆದ್ದಾರಿ ಹಿಡಿದರೆ ಹುಬ್ಬಳ್ಳಿ ಹತ್ತಿರ. ಹಿರೇಕೆರೂರಿನವರು ದಾವಣಗೆರೆಯ, ಶಿವಮೊಗ್ಗದ ಕಡೆಗೂ ನೋಡುತ್ತಾರೆ. ಎಲ್ಲಿಗೆ ಹೊರಟರೂ ಮೂರು ಕೆಲಸ ತಾಲ್ಲೂಕಿನಲ್ಲೇ ಆಗಬಲ್ಲವು. ಪ್ಲೇಟ್‌ಲೆಟ್, ಹಿಮೋಗ್ಲೋಬಿನ್ ಎರಡೂ ಇಳಿದಿದ್ದರೆ ಯಂತ್ರದ ಲೆಕ್ಕಕ್ಕೇ ನಿಲ್ಲದೆ ಸ್ಮಿಯರ್ ನೋಡುವುದು. ಕಣಿಕೆ ತುಂಬಿದ ಕಣವೋ ಔಯರ್ ಕಡ್ಡಿಯೋ ಕಂಡರೆ ‘ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಶಂಕೆ’ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದು, ಕಳಿಸುವ ಆಸ್ಪತ್ರೆಗೆ ಫೋನ್ ಮಾಡಿ ಹೇಳುವುದು. ಬಣ್ಣ ಹಾಕಿದ ಸ್ಲೈಡಿನ ಜೊತೆಗೆ ಬಣ್ಣ ಹಾಕದೆ ಒಣಗಿಸಿದ ಎರಡು ಸ್ಲೈಡು, ನೇರಳೆ ಮುಚ್ಚಳದ ನಳಿಗೆಯಲ್ಲಿ ರಕ್ತ ಇಷ್ಟನ್ನೂ ರೋಗಿಯ ಜೊತೆಗೇ ಕಳಿಸುವುದು. ಪಿಎಂಎಲ್-ರಾರಾ ಹುಡುಕುವ ಫಿಶ್ ಪರೀಕ್ಷೆಯನ್ನು ಆ ಒಣ ಸ್ಲೈಡಿನಲ್ಲೇ ಮಾಡಲು ಬರುತ್ತದೆ.