ಮನೆ ಕಟ್ಟಿ ನೋಡಿದ ಮೇಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಎರಡರ ಕಷ್ಟವನ್ನೂ ಉಂಡವರೇ ಆ ಮಾತನ್ನು ಆಡಿರಬೇಕು. ಆದರೆ ಮದುವೆಯಾದ ಮೇಲೆ ಸಂಸಾರವೆಂಬುದು ಇರುವಂತೆ, ಮನೆಯಾದ ಮೇಲೂ ಮನೆಯದೇ ಒಂದು ಸಂಸಾರವಿದೆ. ಅದರ ವಿಷಯವಾಗಿ ಗಾದೆ ಏನನ್ನೂ ಹೇಳುವುದಿಲ್ಲ. ಮುಂಬಯಿ, ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಸಾಲ ಮಾಡಿ ಒಂದು ಬ್ಲಾಕು ಕೊಂಡ ನಮ್ಮ ಬಂಧುಗಳು ವಾಚನಾಲಯಕ್ಕೆ ಬಂದಾಗ, ಪತ್ರಿಕೆಯ ಪುಟ ತಿರುವುವ ನಡುವೆ ಆಡುವ ಮಾತು ಹೆಚ್ಚಾಗಿ ಇದನ್ನೇ ಕುರಿತದ್ದು: ಮೇಲಿನ ಮನೆಯವರ ಬಚ್ಚಲ ನೀರು, ಉದುರುವ ಗಿಲಾವು, ಏರುವ ಸೊಸಾಯಟಿ ಬಿಲ್ಲು. ಆದುದರಿಂದ ಈ ಸಲ ಈ ವಿಷಯವನ್ನೇ ನಾಲ್ಕು ಪುಟದಲ್ಲಿ ಬಿಡಿಸಿ ನೋಡೋಣವೆಂದು ಹೊರಟಿದ್ದೇವೆ.

ಮೊದಲು ಸುಖದ ಮಾತು ಆಗಲಿ. ಸ್ವಂತ ಮನೆಯ ಸುಖ ಬಾಡಿಗೆಯ ಮನೆಯಲ್ಲಿ ಇದ್ದವರಿಗೇ ಗೊತ್ತು. ಈ ಊರಿನಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ 11 ತಿಂಗಳದು. ಹತ್ತನೆಯ ತಿಂಗಳಿಗೇ ಗೃಹಿಣಿಯ ಎದೆ ಹೊಡೆದುಕೊಳ್ಳತೊಡಗುತ್ತದೆ. ಪಾತ್ರೆ ಪಡಗ ಮತ್ತೆ ಗೋಣಿಚೀಲ ಸೇರಬೇಕು, ಮಕ್ಕಳ ಶಾಲೆ ದೂರವಾಗಬೇಕು, ರೇಶನ್ ಕಾರ್ಡಿನ ವಿಳಾಸ ಬದಲಾಗಬೇಕು. ಸ್ವಂತ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಡ. ಬಾಗಿಲಿನ ಮೇಲೆ ಕನ್ನಡ ಅಕ್ಷರದಲ್ಲಿ ಹೆಸರು ಬರೆಸಬಹುದು. ಬಾಗಿಲ ಚೌಕಟ್ಟಿನಲ್ಲಿ ಮಗನ ಎತ್ತರವನ್ನು ವರ್ಷಕ್ಕೊಂದು ಗೆರೆ ಎಳೆದು ಗುರುತಿಸಬಹುದು. ಆ ಗೆರೆಗಳನ್ನು ಅಳಿಸಿ ಸುಣ್ಣ ಬಳಿಸಿ ಕೊಟ್ಟು ಹೋಗೆಂದು ಹೇಳುವವರಿಲ್ಲ. ಊರಿನಿಂದ ಅತ್ತೆ ಮಾವ ಬಂದರೆ ‘ಎಷ್ಟು ದಿನ ಇರುತ್ತಾರೆ?’ ಎಂದು ಮನೆಯ ಮಾಲಿಕ ಬಂದು ಕೇಳುವುದಿಲ್ಲ. ಇದು ಸಣ್ಣ ಸುಖವಲ್ಲ.

ಇನ್ನು ತಲೆನೋವಿನ ಮಾತು. ನಮ್ಮಲ್ಲಿ ಬಹುಮಂದಿ ಹಳ್ಳಿಯಿಂದ ಬಂದವರು. ಕರಾವಳಿಯವರ ಮನೆಗೆ ಮಂಗಳೂರು ಹಂಚು; ಬಯಲುಸೀಮೆಯವರ ಮನೆಗೆ ಮಣ್ಣಿನ ಮಾಳಿಗೆ. ಮಳೆ ಹಿಡಿಯುವ ಮುಂಚೆ ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಹೊದಿಸುವುದು ಅಲ್ಲಿ ಪ್ರತಿ ಬೇಸಿಗೆಯ ಕೆಲಸ. ಮಾಳಿಗೆಯ ಮನೆಯವರು ಕರಲು ಮಣ್ಣು ತಂದು ಹೊದಿಸಿ ಬಡಿಯುತ್ತಾರೆ. ಆ ಕೆಲಸ ಮಾಡದವನ ಮನೆ ಸೋರುತ್ತದೆ. ಅದನ್ನು ಯಾರೂ ದೈವದ ತಲೆಗೆ ಕಟ್ಟುವುದಿಲ್ಲ. ಇದೇ ಜನ ಮುಂಬಯಿಗೆ ಬಂದು ಸಿಮೆಂಟಿನ ಮನೆ ಕೊಂಡೊಡನೆ, ‘ಇದು ಪಕ್ಕಾ ಮನೆ, ಇದಕ್ಕೇನು ಮಾಡಬೇಕಾಗಿದೆ?’ ಎಂದು ಕೈಕಟ್ಟಿ ಕೂರುತ್ತಾರೆ. ತಲೆನೋವು ಹುಟ್ಟುವುದು ಇಲ್ಲಿಂದ. ಸಿಮೆಂಟಿನ ಮನೆಗೂ ವರ್ಷವರ್ಷವೂ ಆರೈಕೆ ಬೇಕು. ವ್ಯತ್ಯಾಸ ಇಷ್ಟೇ: ಊರಿನ ಮನೆಯ ಮಾಡು ನಮ್ಮೊಬ್ಬರದು, ಇಲ್ಲಿಯ ಮಾಡು ಎಲ್ಲರದು. ಎಲ್ಲರದಾದ ಕೆಲಸ ಯಾರದೂ ಅಲ್ಲದೆ ಉಳಿಯುತ್ತದೆ.

ಸಿಮೆಂಟಿನ ಮನೆಗೆ ನೀರು ಏನು ಮಾಡುತ್ತದೆ? ಕಾಂಕ್ರೀಟಿನ ಹೊಟ್ಟೆಯಲ್ಲಿ ಕಬ್ಬಿಣದ ಸರಳುಗಳಿರುತ್ತವೆ. ಹೊಸ ಕಾಂಕ್ರೀಟು ಕ್ಷಾರಗುಣದ್ದು. ಆ ಗುಣ ಇರುವವರೆಗೆ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲಾಮ್ಲ ವಾಯು ಒಳಸೇರಿ ಆ ಗುಣವನ್ನು ತಗ್ಗಿಸುತ್ತದೆ. ಸಮುದ್ರದ ದಡದಲ್ಲಿ ಗಾಳಿಯ ಉಪ್ಪೂ ಜತೆಗೂಡುತ್ತದೆ. ಮೇಲೆ ಒಂದು ಬಿರುಕಿನಿಂದ ನೀರು ಇಳಿಯಿತೆಂದರೆ ಸರಳು ತುಕ್ಕು ಹಿಡಿಯತೊಡಗಿತು. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಜಾಗ ಬೇಡುತ್ತದೆ. ಆ ಜಾಗ ಸಿಗದೆ ಅದು ಸುತ್ತಣ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ನಾವು ‘ಗಿಲಾವು ಉದುರಿತು’ ಎನ್ನುವುದು ಅನೇಕ ಸಲ ಈ ಒಡಕೇ. ಅದರ ಮೇಲೆ ಹೊಸ ಗಿಲಾವು ಮೆತ್ತಿ ಬಣ್ಣ ಹೊಡೆಸುವುದೆಂದರೆ ಹುಣ್ಣಿನ ಮೇಲೆ ಪಂಚೆ ಹೊದಿಸಿದಂತೆ. ಸಡಿಲವಾದುದನ್ನೆಲ್ಲ ಕೆತ್ತಿ ತೆಗೆದು, ಸರಳಿನ ತುಕ್ಕು ಉಜ್ಜಿ, ಅದಕ್ಕೆ ರಕ್ಷಣೆಯ ಲೇಪ ಕೊಟ್ಟು, ಆಮೇಲೆ ಗಾರೆ ತುಂಬಬೇಕು. ಮರದ ಕೋಲಿನಿಂದ ಛಾವಣಿಯನ್ನು ಮೆಲ್ಲಗೆ ತಟ್ಟಿ ನೋಡಿದರೆ ಗಟ್ಟಿಯಾದ ಕಡೆ ಗಡಸು ಸದ್ದು, ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಕೇಳುತ್ತದೆ. ಟೊಳ್ಳು ಸದ್ದು ಕೇಳಿದ ಜಾಗದ ಕೆಳಗೆ ಮಗುವಿನ ತೊಟ್ಟಿಲನ್ನಾಗಲಿ ಹಾಸಿಗೆಯನ್ನಾಗಲಿ ಇಡಬಾರದು. ಕೂಡಲೇ ಇಂಜಿನಿಯರಿಗೆ ತೋರಿಸಬೇಕು.

ಛಾವಣಿಯಲ್ಲಿ ಒದ್ದೆ ಕಲೆ ಕಂಡೊಡನೆ ಮೇಲಿನ ಮನೆಯವರ ಬಾಗಿಲಿಗೆ ಹೋಗಿ ಕೂಗಾಡುವುದು ವಾಡಿಕೆ. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಅದೂ ನಮ್ಮಂಥ ಕಾರಕೂನರಿಗೆ ಒಗ್ಗುವ ಕೆಲಸ. ಒಂದು ವಹಿಯಲ್ಲಿ ಆ ಕಲೆಯ ದಿನಚರಿಯನ್ನು ಒಂದು ವಾರ ಬರೆಯಿರಿ. ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಹಾಕಿರಿ. ಹಗಲೂ ರಾತ್ರಿಯೂ ಒಂದೇ ಸಮನೆ ಹನಿಯುತ್ತಿದ್ದು, ಮೇಲಿನ ಮನೆಯ ನೀರಿನ ಚಾವಿ ಮುಚ್ಚಿದಾಗ ನಿಂತರೆ ದೋಷ ನೀರು ಬರುವ ಕೊಳವೆಯದು. ಅವರು ಸ್ನಾನ ಮಾಡಿದ ಮೇಲೆ ಮಾತ್ರ ಹೆಚ್ಚಿದರೆ ನೀರು ಹೋಗುವ ಕೊಳವೆಯದೋ ಬಚ್ಚಲ ನೆಲದ್ದೋ ದೋಷವಿರಬೇಕು. ಈ ಎರಡರಲ್ಲಿ ಯಾವುದೆಂದು ತಿಳಿಯಲು, ಅವರ ಒಪ್ಪಿಗೆ ಪಡೆದು, ಬಚ್ಚಲ ಜಾಲರಿಗೆ ಬಟ್ಟೆ ತುರುಕಿ ಒಂದು ಅಂಗುಲ ನೀರು ನಿಲ್ಲಿಸಿ 24 ಗಂಟೆ ಬಿಡಬೇಕು. ಕಲೆ ಗೆರೆ ದಾಟಿದರೆ ನೆಲದ ಸಂದುಗಳಲ್ಲಿ ನೀರು ಇಳಿಯುತ್ತಿದೆಯೆಂದು ತಿಳಿಯಬಹುದು. ಮಳೆ ಬಂದಾಗ ಮಾತ್ರ ಹಬ್ಬುವ ಕಲೆಗೆ ತಾರಸಿಯೋ ಹೊರಗೋಡೆಯೋ ಕಾರಣ. ಈ ವಹಿ ಕೈಯಲ್ಲಿದ್ದರೆ ಜಗಳದ ಬದಲು ಮಾತುಕತೆ ಆಗುತ್ತದೆ. ನೀರು ಎಲ್ಲಿ ಒಳಬರುತ್ತದೆಯೋ ಅಲ್ಲಿಯೇ ಅದನ್ನು ತಡೆಯಬೇಕು. ಕೆಳಗಿನಿಂದ ಮೆತ್ತಿದ ಔಷಧ ಬಹು ದಿನ ನಿಲ್ಲದು.

ಕಾರಣ ತಿಳಿದ ಮೇಲೆ ಖರ್ಚು ಯಾರದೆಂಬ ಪ್ರಶ್ನೆ ಏಳುತ್ತದೆ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾನೂನು 1960ರದು. ಅದರ ಕೆಳಗೆ ಗೃಹ ಸೊಸಾಯಟಿಗಳಿಗಾಗಿ ಸಿದ್ಧವಾದ 2014ರ ಮಾದರಿ ಬೈಲಾದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ತಾರಸಿ, ಹೊರಗೋಡೆ, ನೀರಿನ ಟಾಕಿ, ಪಂಪು, ಮೆಟ್ಟಿಲು, ಸಾಮಾನ್ಯ ಕೊಳವೆಗಳು, ಮಳೆನೀರಿನ ಸೋರಿಕೆ ಇವೆಲ್ಲ ಸೊಸಾಯಟಿಯ ಹೊಣೆ. ತಾರಸಿ ಸೋರಿ ಮೇಲಂತಸ್ತಿನ ಮನೆಯ ಛಾವಣಿಯ ಗಿಲಾವು ಕೆಟ್ಟರೆ ಅದೂ ಸೊಸಾಯಟಿಯದೇ. ಪಾಯಖಾನೆ, ಸಿಂಕು ಮೊದಲಾದವುಗಳಿಂದ ಮನೆಯೊಳಗೆ ಹುಟ್ಟಿದ ಸೋರಿಕೆಯನ್ನು ಆಯಾ ಸದಸ್ಯ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ‘ಕೆಳಗಿನವರಿಗೆ ತೊಂದರೆಯಾದರೆ ಅವರೇ ಮಾಡಿಸಿಕೊಳ್ಳಲಿ’ ಎನ್ನುವ ಮೇಲಿನವರಿಗೂ, ‘ಮಳೆನೀರನ್ನೂ ಮೇಲಿನವರೇ ತಡೆಯಲಿ’ ಎನ್ನುವ ಕೆಳಗಿನವರಿಗೂ ಬೈಲಾ ಒಪ್ಪುವುದಿಲ್ಲ.

ತಿಂಗಳ ಬಿಲ್ಲಿನ ವಿಷಯಕ್ಕೆ ಬರೋಣ. ಬಿಲ್ಲಿನ ಮೊತ್ತವನ್ನು ಮಾತ್ರ ನೋಡಿ ಮುಖ ಸಿಂಡರಿಸುವವರು ಬಹಳ. ಒಳಗಿನ ಕಲಮುಗಳನ್ನು ಓದುವವರು ಕಡಿಮೆ. ಅದೇ ಮಾದರಿ ಬೈಲಾದಂತೆ ಕಾವಲುಗಾರ, ಕಸ, ದೀಪ, ಕಚೇರಿ ಮೊದಲಾದ ಸೇವೆಯ ಖರ್ಚು ಎಲ್ಲ ಮನೆಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಲಿಫ್ಟಿನ ಖರ್ಚೂ ಹಾಗೆಯೇ. ಕೆಳಗಿನ ಅಂತಸ್ತಿನವರು ‘ನಾವು ಹತ್ತುವುದೇ ಇಲ್ಲ’ ಎಂದರೂ ಅವರ ಪಾಲು ತಪ್ಪದು. ನೀರಿನ ಖರ್ಚು ಮನೆಯ ನಳಗಳ ಸಂಖ್ಯೆ ಮತ್ತು ಗಾತ್ರದ ಮೇಲೆ. ಹೀಗಾಗಿ ಒಬ್ಬರ ಮನೆಯ ಸೋರುವ ನಳಕ್ಕೆ ಎಲ್ಲರೂ ತೆರುತ್ತೇವೆ. ತೊಟ್ಟಿಕ್ಕುವ ನಳದ ಕೆಳಗೆ ಒಂದು ಲೋಟ ಇಟ್ಟು ನೋಡಿ. 200 ಮಿಲಿ ಲೀಟರಿನ ಲೋಟ 10 ನಿಮಿಷಕ್ಕೆ ತುಂಬಿದರೆ ಗಂಟೆಗೆ 1.2 ಲೀಟರು, ದಿನಕ್ಕೆ ಸುಮಾರು 29 ಲೀಟರು: ಎರಡು ಬಕೆಟ್ ನೀರು ಮೋರಿಯ ಪಾಲು! ತಿರುಪಿನ ನಳವಾದರೆ ಒಂದೆರಡು ಚಹಾದ ಬೆಲೆಯ ವಾಶರಿನಿಂದ ಇದು ಸಾಮಾನ್ಯವಾಗಿ ನಿಲ್ಲುತ್ತದೆ.

ಬಿಲ್ಲಿನಲ್ಲಿ ನಮಗೆ ಬಹಳ ಚುಚ್ಚುವ ಎರಡು ಕಲಮುಗಳೆಂದರೆ ದುರಸ್ತಿ ನಿಧಿ ಮತ್ತು ಸಿಂಕಿಂಗ್ ಫಂಡ್. ‘ಕಣ್ಣಿಗೆ ಕಾಣದ ಕೆಲಸಕ್ಕೆ ದುಡ್ಡು ಏಕೆ?’ ಎಂದು ಸಭೆಯಲ್ಲಿ ಕೇಳುವವರೂ ಇದ್ದಾರೆ. ಮಾದರಿ ಬೈಲಾದಂತೆ ಮನೆಯ ನಿರ್ಮಾಣದ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 0.75 ದುರಸ್ತಿಗೆ, ಕನಿಷ್ಠ ಶೇಕಡಾ 0.25 ಸಿಂಕಿಂಗ್ ಫಂಡಿಗೆ ಸೇರಬೇಕು. ನಿಮ್ಮ ಮನೆಯ ನಿರ್ಮಾಣ ವೆಚ್ಚ 8 ಲಕ್ಷವೆಂದು ಹಿಡಿದರೆ, ದುರಸ್ತಿಗೆ ವರ್ಷಕ್ಕೆ 6,000 ಎಂದರೆ ತಿಂಗಳಿಗೆ 500 ರೂಪಾಯಿ. ಸಿಂಕಿಂಗ್ ಫಂಡಿಗೆ ವರ್ಷಕ್ಕೆ 2,000 ಎಂದರೆ ತಿಂಗಳಿಗೆ ಸುಮಾರು 167 ರೂಪಾಯಿ. ಹತ್ತು ವರ್ಷ ಇದನ್ನು ತಪ್ಪದೆ ಕೂಡಿಸಿದ ಕಟ್ಟಡದಲ್ಲಿ ಮನೆಯೊಂದಕ್ಕೆ 80,000 ರೂಪಾಯಿ ಜಮೆ ಆಗಿರುತ್ತದೆ, ಬಡ್ಡಿ ಬೇರೆ. ಕೂಡಿಸದ ಕಟ್ಟಡದಲ್ಲಿ ದೊಡ್ಡ ದುರಸ್ತಿ ಬಂದಾಗ ಅಷ್ಟನ್ನೂ ಒಂದೇ ಸಲಕ್ಕೆ ಕೇಳುತ್ತಾರೆ. ಪಗಾರದ ಮೇಲೆ ಬದುಕುವವನಿಗೆ ಆಗ ಉಳಿಯುವ ದಾರಿ ಹೆಂಡತಿಯ ಬಳೆ ಒತ್ತೆಯಿಡುವುದೊಂದೇ. ಸಣ್ಣ ಕಂತಿಗೆ ಗೊಣಗಿ ದೊಡ್ಡ ಸಾಲಕ್ಕೆ ಬೀಳುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಕಟ್ಟಡದ ವಯಸ್ಸನ್ನೂ ಗಮನಿಸಬೇಕು. ಅದೇ ಬೈಲಾದ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಇಂಜಿನಿಯರಿಂದ ಗಟ್ಟಿತನದ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಸ್ಟ್ರಕ್ಚರಲ್ ಆಡಿಟ್ ಎನ್ನುತ್ತಾರೆ. ಹೊಸ ಕಟ್ಟಡ ಕೊಂಡವರಿಗೆ ಬೇರೆ ಆಸರೆಯಿದೆ. 2016ರ ರೇರಾ ಕಾನೂನಿನಂತೆ ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿಯೋ ಕೆಲಸಗಾರಿಕೆಯಲ್ಲಿಯೋ ದೋಷ ಕಂಡು ತಿಳಿಸಿದರೆ, ಬಿಲ್ಡರನು 30 ದಿನದೊಳಗೆ ಬಿಟ್ಟಿಯಾಗಿ ಸರಿಪಡಿಸಿ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದು ಕೊಟ್ಟು ಪ್ರತಿಯ ಮೇಲೆ ಸಹಿ, ತಾರೀಖು ಪಡೆಯಿರಿ. ಐದು ವರ್ಷ ಬೇಗ ಕಳೆಯುತ್ತದೆ.

ಇಷ್ಟೆಲ್ಲ ತೀರ್ಮಾನವಾಗುವ ಜಾಗ ಸೊಸಾಯಟಿಯ ಮಹಾಸಭೆ. ಕಾನೂನಿನಂತೆ ಅದು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಆಗಬೇಕು. ನಮ್ಮ ಬಂಧುಗಳು ಅನೇಕರು ಆ ದಿನ ಹೋಗುವುದಿಲ್ಲ. ಪಾಳಿಯ ಕೆಲಸದ ಕಾರಣ ಕೆಲವರಿಗೆ. ‘ನಮಗೆ ಮರಾಠಿ, ಇಂಗ್ಲಿಷು ಅಷ್ಟಾಗಿ ಬಾರದು, ನಾವೇನು ಮಾತಾಡುವುದು?’ ಎಂಬ ಸಂಕೋಚ ಇನ್ನು ಕೆಲವರಿಗೆ. ಮನೆ ಕೊಳ್ಳುವಾಗ ನಮ್ಮ ಹಣಕ್ಕೆ ಭಾಷೆಯ ಅಡ್ಡಿ ಬರಲಿಲ್ಲ. ಅದನ್ನು ಕಾಯುವಾಗ ಏಕೆ ಬರಬೇಕು? ಬೈಲಾ, ಪರಿಶೋಧಿತ ಲೆಕ್ಕಪತ್ರ, ಸಭೆಯ ನಡಾವಳಿ ಇವನ್ನು ಸೊಸಾಯಟಿಯ ಕಚೇರಿಯಲ್ಲಿ ಬಿಟ್ಟಿಯಾಗಿ ನೋಡುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ಗಿರಣಿಯಲ್ಲಿ, ಕಚೇರಿಯಲ್ಲಿ ದಿನವಿಡೀ ಮತ್ತೊಬ್ಬರ ಲೆಕ್ಕ ಬರೆಯುವ ನಮಗೆ ನಮ್ಮ ಮಾಡಿನ ಲೆಕ್ಕ ಓದುವುದು ಕಠಿಣವಾಗಲಾರದು. ತಿಳಿಯದ ಕಡೆ ಗುರುತು ಹಾಕಿ ನಾಲ್ಕು ಜನರನ್ನು ಕೇಳಬಹುದು.

ಕಡೆಯದಾಗಿ, ಮಳೆಗೆ ಮುಂಚೆ ಮಾಡುವ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇವೆ. ಮುಂಬಯಿಯಲ್ಲಿ ಮಳೆ ಸಾಮಾನ್ಯವಾಗಿ ಜೂನ್ ಎರಡನೆಯ ವಾರದ ಹೊತ್ತಿಗೆ ಹಿಡಿಯುತ್ತದೆ. ಆದುದರಿಂದ ಏಪ್ರಿಲ್, ಮೇ ತಿಂಗಳುಗಳೇ ಕೆಲಸದ ಕಾಲ. ತಾರಸಿಯ ಮೇಲೆ ಹೋಗಿ ನೀರು ಹರಿಯುವ ಬಾಯಿಗಳಲ್ಲಿ ಎಲೆ, ಚಿಂದಿ, ಪ್ಲಾಸ್ಟಿಕ್ ಕಟ್ಟಿಕೊಂಡಿದೆಯೇ ನೋಡಿ. ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆಂದು ಗುರುತು ಮಾಡಿ. ಹೊರಗೋಡೆಯಲ್ಲಿ, ಕೊಳವೆಯ ಸಂದಿನಲ್ಲಿ ಅರಳಿಯ ಸಸಿ ಹುಟ್ಟಿದೆಯೇ ಪರೀಕ್ಷಿಸಿ. ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಆ ಸಸಿಯ ಬೇರು ಗೋಡೆಯನ್ನೇ ಸೀಳುತ್ತದೆ. ಅರಳಿಯನ್ನು ಕೀಳಲು ಹಿರಿಯರಿಗೆ ಮನಸ್ಸು ಬಾರದು. ಎರಡೆಲೆಯ ಸಸಿಯಾಗಿರುವಾಗಲೇ ಬೇರುಸಹಿತ ತೆಗೆದು ಮಣ್ಣಿನಲ್ಲಿ ನೆಟ್ಟರೆ ಪುಣ್ಯವೂ ಉಳಿಯಿತು, ಗೋಡೆಯೂ ಉಳಿಯಿತು. ಕಿಟಕಿಯ ಚೌಕಟ್ಟಿನ ಸುತ್ತಣ ಬಿರುಕು ತುಂಬಿಸಿ. ಬಚ್ಚಲ ಕಲ್ಲುಗಳ ಸಂದಿನಲ್ಲಿ ಬಿಳಿ ಸಿಮೆಂಟು ಎದ್ದಿದ್ದರೆ ಮತ್ತೆ ಕಟ್ಟಿಸಿ. ಕಂಡದ್ದನ್ನೆಲ್ಲ ಬರೆದು, ಸೊಸಾಯಟಿಗೆ ಸಂಬಂಧಿಸಿದ್ದನ್ನು ಮೇ ತಿಂಗಳಲ್ಲಿಯೇ ಸೆಕ್ರೆಟರಿಗೆ ಕೊಡಿ. ಮಳೆ ಹಿಡಿದ ಮೇಲೆ ಗವಂಡಿಯೂ ಸಿಗುವುದಿಲ್ಲ, ಸಿಕ್ಕರೂ ಹಸಿ ಗೋಡೆಯ ಮೇಲೆ ಕೆಲಸ ನಿಲ್ಲುವುದಿಲ್ಲ.

ಊರಿನಲ್ಲಿ ನಮ್ಮ ತಂದೆ ತಾತಂದಿರು ಏಣಿ ಹತ್ತಿ ಹಂಚು ಸರಿಪಡಿಸಿದರು, ಮಾಳಿಗೆಗೆ ಮಣ್ಣು ಹೊತ್ತರು. ಆ ಏಣಿ ಈಗ ನಮ್ಮ ಕೈಯಲ್ಲಿಲ್ಲ. ಅದರ ಬದಲು ಒಂದು ವಹಿ, ಒಂದು ಬಿಲ್ಲು, ವರ್ಷಕ್ಕೊಂದು ಸಭೆ ಇವೆ. ಮುಂದಿನ ಸಭೆಯ ನೋಟೀಸು ಬಾಗಿಲಿಗೆ ಬಂದ ದಿನ ಅದನ್ನು ಮಡಿಸಿ ಕಿಟಕಿಯ ಮೇಲಿಡದೆ, ತಾರೀಖನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಬೇಕಾಗಿ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.