ರಿಪೋರ್ಟ್ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬಂದ ಅರ್ಜಿಗಳನ್ನು ನೋಡುವಾಗ, ಬ್ಯಾಂಕಿನ ಹಳೆಯ ಅಭ್ಯಾಸದಂತೆ ನಾನು ಮೊದಲು ಬಿಲ್ಲುಗಳನ್ನು ತಿರುವುತ್ತೇನೆ. ಕೊಚ್ಚಿಯ ಹೋಟೆಲೊಂದರಲ್ಲಿ ದುಡಿಯುವ ಕುಂದಾಪುರ ಕಡೆಯ ಯುವಕನ ಅರ್ಜಿಯಲ್ಲಿ ಎರಡು ಸ್ಕ್ಯಾನ್, ಒಂದು ಎಂಡೋಸ್ಕೋಪಿ, ಒಂದು ಕೊಲೊನೋಸ್ಕೋಪಿ ಇದ್ದವು. ಎಲ್ಲವೂ ನಾರ್ಮಲ್. ಆದರೂ ಊಟವಾದೊಡನೆ ಹೊಟ್ಟೆ ಹಿಂಡಿ ಶೌಚಾಲಯಕ್ಕೆ ಓಡಬೇಕು. ಕ್ಯಾನ್ಸರ್ ಇರಬಹುದೆಂಬ ಭಯದಲ್ಲಿ ತಾಯಿಯ ಚಿನ್ನ ಅಡವಿಟ್ಟು ಪರೀಕ್ಷೆ ಮಾಡಿಸಿಕೊಂಡಿದ್ದ. ಕೊನೆಗೆ ತಿರುವನಂತಪುರದ ವೈದ್ಯರೊಬ್ಬರು ಹೆಸರು ಹೇಳಿದರು: ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್.

ನಾನು ಕಾಮರ್ಸ್ ಓದಿದವನು, ವೈದ್ಯನಲ್ಲ. ಓದಿ, ಕೇಳಿ ತಿಳಿದದ್ದನ್ನಷ್ಟೇ ಹೇಳುತ್ತೇನೆ.

ಇದರಲ್ಲಿ ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಏರುಪೇರಾಗಿರುವುದು ಕರುಳು ಮತ್ತು ಮೆದುಳಿನ ನಡುವಣ ಸಂಪರ್ಕ. ನರಗಳು ಅತಿ ಸೂಕ್ಷ್ಮವಾಗಿ, ಬೇರೆಯವರಿಗೆ ಗೊತ್ತೇ ಆಗದ ವಾಯು ಇವರಿಗೆ ನೋವಾಗುತ್ತದೆ. ಕರುಳಿನ ಚಲನೆ ವೇಗವಾದರೆ ಭೇದಿ, ನಿಧಾನವಾದರೆ ಮಲಬದ್ಧತೆ. ಸ್ಕ್ಯಾನಿನಲ್ಲಿ ಕಾಣದು ಎಂದ ಮಾತ್ರಕ್ಕೆ ‘ಬರೀ ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕುವುದು ತಪ್ಪು.

ಕಾರಣ ಒಂದೇ ಅಲ್ಲ. ಹಿಂದೆ ಬಂದುಹೋದ ಕರುಳಿನ ಸೋಂಕು ಬಹಳ ಮುಖ್ಯವಾದದ್ದು. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಪುಟ್ಟ ಊರಿನಲ್ಲಿ ಭಾರೀ ಮಳೆಯಾಗಿ, ದನದ ಗೊಬ್ಬರದ ರೋಗಾಣುಗಳು ಕುಡಿಯುವ ನೀರಿನ ಬಾವಿ ಸೇರಿದವು. ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಮಂದಿ ತೀರಿಕೊಂಡರು. ಎರಡು ಮೂರು ವರ್ಷಗಳ ಬಳಿಕ ನೋಡಿದರೆ, ಆಗ ವಾಂತಿಭೇದಿಯಾಗಿದ್ದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಐಬಿಎಸ್ ಲಕ್ಷಣಗಳಿದ್ದವು, ಆಗದಿದ್ದವರಲ್ಲಿ ಹತ್ತರಲ್ಲೊಬ್ಬರಿಗೆ. ಎಂಟು ವರ್ಷಗಳ ಹೊತ್ತಿಗೆ ಅನೇಕರು ಚೇತರಿಸಿಕೊಂಡಿದ್ದರು ಎಂಬುದೇ ಸಮಾಧಾನ. ಮನೆಮನೆಗೆ ಬಾವಿಯಿರುವ, 2018ರ ನೆರೆ ಕಂಡ ಕೇರಳಕ್ಕೆ ಇದು ದೂರದ ಕಥೆಯಲ್ಲ. ನಮ್ಮ ಯುವಕನಿಗೂ ಶುರುವಾದದ್ದು ಒಂದು ಮಳೆಗಾಲದ ವಾಂತಿಭೇದಿಯ ನಂತರವೇ.

ಆತಂಕ, ಖಿನ್ನತೆ, ಮನೆಯವರಲ್ಲಿ ಇದೇ ತೊಂದರೆ, ಆಂಟಿಬಯೋಟಿಕ್ ಸೇವನೆ, ಇವೂ ಅಪಾಯ ಹೆಚ್ಚಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು ರೋಗವನ್ನು ತರುವುದಿಲ್ಲ, ಕೆಲವರಿಗೆ ಕೆರಳಿಸುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ರೋಗಿಗಳು ಹೆಚ್ಚಾಗಿ ಹೆಂಗಸರು. ಭಾರತದ ಆಸ್ಪತ್ರೆಗಳಿಗೆ ಬರುವವರಲ್ಲಿ ಗಂಡಸರೇ ಹೆಚ್ಚು. ನಮ್ಮ ಹೆಂಗಸರು ಹೇಳಿಕೊಳ್ಳುವುದೇ ಇಲ್ಲವೇನೋ ಎಂಬುದು ನನ್ನ ಅನುಮಾನ.

ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ: ಇವಿದ್ದರೆ ಐಬಿಎಸ್ ಎಂದು ಸುಮ್ಮನಿರಬೇಡಿ, ಪರೀಕ್ಷೆ ಬೇಕೇ ಬೇಕು. ಇಲ್ಲದಿದ್ದರೆ ಒಂದೇ ಸ್ಕ್ಯಾನನ್ನು ಮತ್ತೆ ಮತ್ತೆ ಮಾಡಿಸುವ ಮೊದಲು ಒಬ್ಬರೇ ವೈದ್ಯರ ಬಳಿ ಹಳೆಯ ಫೈಲು ಹಿಡಿದು ಕುಳಿತು ಮಾತಾಡಿ.

ಯುವಕನ ಬಿಲ್ಲಿನ ಅರ್ಧ ಮೊತ್ತವನ್ನು ನಿಧಿಯಿಂದ ಕೊಟ್ಟಿದ್ದೇವೆ. ಚಿನ್ನ ಬಿಡಿಸಿಕೊಳ್ಳಲು ಉಳಿದರ್ಧ ಬೇಕಾಗಿದೆ. ದೇಣಿಗೆಯನ್ನು ಖಜಾಂಚಿಯವರಿಗೆ ತಲುಪಿಸಿ. ರಸೀದಿ ತಪ್ಪದೆ ಕಳುಹಿಸುತ್ತೇವೆ.