ಒರ್ಲಾಂಡೊ ಸೆಕೆಯಲ್ಲಿ ಮಕ್ಕಳೊಡನೆ ಥೀಮ್ ಪಾರ್ಕ್

ಅಮೆರಿಕದ ಫ್ಲಾರಿಡಾದಲ್ಲಿ, ಒರ್ಲಾಂಡೊ ಬಳಿ 1971ರಲ್ಲಿ ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಜುಲೈ, ಆಗಸ್ಟ್ ತಿಂಗಳ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 33 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ.

ಬಾಗಿಲು ತೆರೆಯುವ ಹೊತ್ತಿಗೇ ಒಳಹೊಕ್ಕು ಬಯಲಿನ ಆಟಗಳನ್ನು ಮುಗಿಸಿ, ಮಧ್ಯಾಹ್ನ ಎ.ಸಿ. ಇರುವ ಪ್ರದರ್ಶನಗಳಿಗೆ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಗುಡುಗು ಮಳೆ ಅಲ್ಲಿ ಸಾಮಾನ್ಯ. ಮಿಂಚು ಬಂದರೆ ಬಯಲಿನ ಆಟಗಳು ನಿಲ್ಲುತ್ತವೆ. ತಿಂಡಿಯ ಕೌಂಟರ್‌ಗಳಲ್ಲಿ ಕೇಳಿದರೆ ತಣ್ಣೀರು ಉಚಿತ. ಬಾಯಾರುವ ಮುನ್ನವೇ ಮಕ್ಕಳಿಗೆ ಆಗಾಗ ನೀರು ಕುಡಿಸಬೇಕು. ಮಗುವಿನ ತಳ್ಳುಗಾಡಿಯನ್ನು ಬಟ್ಟೆಯಿಂದ ಪೂರ್ತಿ ಮುಚ್ಚಿದರೆ ಗಾಳಿಯಾಡದೆ ಒಳಗಿನ ಕಾವು ಏರುತ್ತದೆ.

ತಲೆಸುತ್ತು, ವಾಕರಿಕೆ ಕಂಡರೆ ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು. ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಅದು ಉಷ್ಣಾಘಾತವಿರಬಹುದು. ತಡಮಾಡದೆ 911ಕ್ಕೆ ಕರೆ ಮಾಡಬೇಕು.